ಮನೆಯ ಜೇಡವನ್ನು ಕೊಲ್ಲಬೇಕೆ?



ಶ್ರಾವಣ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲಿ ಪಂಚಮಿಯ ಸಡಗರ. ಹಬ್ಬಕ್ಕೆ ಎರಡು ದಿನ ಮೊದಲೇ ಮನೆ ಸಾರಿಸುವ, ಸುಣ್ಣ ಬಳಿಯುವ ಕೆಲಸ ಪ್ರಾರಂಭವಾಗುತ್ತದೆ. ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿ ತೊಲೆ, ಜಂತಿ, ಮೂಲೆ ಮುಡುಕುಗಳಲ್ಲಿದ್ದ ಜೇಡರ ಬಲೆಗಳನ್ನೆಲ್ಲ ಹೊಡೆಯುತ್ತಾರೆ. ಬಲೆಯೊಡನೆ ಕೆಳಗೆ ಬಿದ್ದು ಓಡುವ ಜೇಡಗಳನ್ನು ಅಲ್ಲಿಯೇ ಹೊಸಕಿ ಹಾಕುತ್ತಾರೆ. ಮರುದಿನ ಅದೇ ಮನೆಯವರು ಅಳ್ಳು, ತಂಬಿಟ್ಟು, ಹಾಲು ತೆಗೆದುಕೊಂಡು ಹೋಗಿ ನಾಗಪ್ಪನಿಗೆ ಎರೆದು ಬರುತ್ತಾರೆ. ಕಚ್ಚಿದರೆ ಜೀವ ತೆಗೆಯುವ ಹಾವಿಗೆ ಹಾಲು. ತಾನಾಗಿ ಯಾರ ತಂಟೆಗೂ ಬಾರದ ಜೇಡಕ್ಕೆ ಕಸಬರಿಗೆಯ ಏಟು!

ಮನೆಯಲ್ಲಿ ಕಂಡ ಜೇಡವನ್ನು ಕೊಲ್ಲುವುದು ಸರಿಯೇ? ಇದೇನು ಕೃಷಿ ಪತ್ರಿಕೆಯಲ್ಲಿ ಕೇಳತಕ್ಕ ಪ್ರಶ್ನೆಯೇ ಎಂದು ತಾವು ನಗಬಹುದು. ಆದರೆ ಇದೇ ಶ್ರಾವಣದಲ್ಲಿ ಗಂಗಾವತಿ ಕಡೆ ಭತ್ತದ ನಾಟಿ ನಡೆದಿರುತ್ತದೆ. ಮನೆಯಲ್ಲಿ ಜೇಡ ಕಂಡ ಕೂಡಲೇ ಏಳುವ ಕೈಯೇ ಗದ್ದೆಯಲ್ಲಿ ಯಾವ ಹುಳು ಕಂಡರೂ ಸಿಂಪರಣಾ ಪಂಪಿನ ಕಡೆಗೆ ಹೋಗುತ್ತದೆ. ಮನೆಯಲ್ಲಿ ಈ ಅಭ್ಯಾಸದಿಂದ ಆಗುವ ನಷ್ಟ ಸ್ವಲ್ಪ. ಗದ್ದೆಯಲ್ಲಿ ಆಗುವ ನಷ್ಟ ಬಹಳ. ಆದುದರಿಂದ ವಿಷಯವನ್ನು ಮನೆಯಿಂದಲೇ ಪ್ರಾರಂಭಿಸೋಣ.

ಜೇಡ ಕೀಟವಲ್ಲ

ಒಂದು ಜೇಡವನ್ನು ಹತ್ತಿರದಿಂದ ನೋಡಿರಿ. ಕೀಟಗಳಿಗೆ ಆರು ಕಾಲು, ಜೇಡಕ್ಕೆ ಎಂಟು. ಕೀಟದ ದೇಹದಲ್ಲಿ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ. ಜೇಡದ ದೇಹದಲ್ಲಿ ಎರಡೇ. ಅದಕ್ಕೆ ರೆಕ್ಕೆಯಿಲ್ಲ, ಮೀಸೆಯಿಲ್ಲ. ಇದರ ಹತ್ತಿರದ ನೆಂಟರು ಚೇಳು, ಉಣ್ಣೆ ಮತ್ತು ನುಸಿಗಳು. ಜಗತ್ತಿನಲ್ಲಿ ಇದುವರೆಗೆ 50,000ಕ್ಕೂ ಹೆಚ್ಚು ಬಗೆಯ ಜೇಡಗಳನ್ನು ಗುರುತಿಸಲಾಗಿದೆ. ಬೆರಳೆಣಿಕೆಯಷ್ಟನ್ನು ಬಿಟ್ಟರೆ ಎಲ್ಲವೂ ಬೇಟೆಯಾಡಿ ಬದುಕುವಂಥವು. ಕಾಳನ್ನಾಗಲಿ, ಎಲೆಯನ್ನಾಗಲಿ, ಬಟ್ಟೆಯನ್ನಾಗಲಿ ಅವು ಮುಟ್ಟುವುದಿಲ್ಲ.

ಜೇಡಕ್ಕೆ ಅಗಿಯುವ ಹಲ್ಲಿಲ್ಲ. ಹಿಡಿದ ಹುಳುವಿಗೆ ವಿಷದ ಕೊಂಡಿ ಚುಚ್ಚಿ, ಅದರ ಮೇಲೆ ಜೀರ್ಣರಸ ಸುರಿಸಿ, ಒಳಗಿನ ತಿರುಳನ್ನು ಕರಗಿಸಿ ಹೀರಿಕೊಳ್ಳುತ್ತದೆ. ಬಲೆಯ ಕೆಳಗೆ ಉದುರಿದ ಸೊಳ್ಳೆ, ನೊಣ, ಪತಂಗಗಳ ಒಣ ಸಿಪ್ಪೆಗಳೇ ಅದರ ದಿನದ ಲೆಕ್ಕಪತ್ರ. ಬಲೆ ಹೊಡೆಯುವ ಮೊದಲು ಒಮ್ಮೆ ಆ ಸಿಪ್ಪೆಗಳನ್ನು ಎಣಿಸಿ ನೋಡಿರಿ.

ಹಳೆಯ ಕನ್ನಡದಲ್ಲಿ ನೇಕಾರನಿಗೂ ಜೇಡನೆಂದೇ ಹೆಸರು. ವಚನಕಾರ ಜೇಡರ ದಾಸಿಮಯ್ಯನವರು ಸುರಪುರ ಸೀಮೆಯ ಮುದನೂರಿನ ನೇಕಾರರು. ಭಾಗ್ಯನಗರದ ಮಗ್ಗಗಳನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯವನ್ನು ಬೇರೆ ಹೇಳಬೇಕಾಗಿಲ್ಲ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ‘ಶ್ರೀ’ ಎಂದರೆ ಜೇಡ, ‘ಕಾಳ’ ಎಂದರೆ ಹಾವು, ‘ಹಸ್ತಿ’ ಎಂದರೆ ಆನೆ, ಮೂರೂ ಶಿವಭಕ್ತರು. ಈ ಮೂವರಲ್ಲಿ ಹಾವು ಆನೆಗಳಿಗೆ ಇಂದಿಗೂ ಪೂಜೆಯಿದೆ. ಮರೆತದ್ದು ಜೇಡವನ್ನು ಮಾತ್ರ.

ಮನೆಯಲ್ಲಿ ಇರುವವರು ಯಾರು?

ನಮ್ಮ ಮಾಳಿಗೆ ಮನೆಗಳಲ್ಲಿಯೂ ಹೊಸ ಆರ್.ಸಿ.ಸಿ. ಮನೆಗಳಲ್ಲಿಯೂ ಸಾಮಾನ್ಯವಾಗಿ ನಾಲ್ಕು ಬಗೆಯ ಜೇಡಗಳು ಕಂಡುಬರುತ್ತವೆ.

ಮೊದಲನೆಯದು, ದಾರದಂತಹ ಉದ್ದ ಕಾಲಿನ ಜೇಡ. ಮೂಲೆಯಲ್ಲಿ ಅಸ್ತವ್ಯಸ್ತವಾದ ಬಲೆ ಕಟ್ಟಿ ತಲೆಕೆಳಗಾಗಿ ತೂಗುತ್ತದೆ. ಮುಟ್ಟಿದರೆ ಮೈಯನ್ನು ಗಡಗಡ ಅಲುಗಾಡಿಸುತ್ತದೆ. ತಾಯಿಯು ಮೊಟ್ಟೆಗಳನ್ನು ಬಾಯಲ್ಲಿಯೇ ಕಚ್ಚಿ ಹಿಡಿದುಕೊಂಡಿರುತ್ತದೆ. ಸೊಳ್ಳೆ ಇದರ ಮುಖ್ಯ ಆಹಾರಗಳಲ್ಲೊಂದು. ಎರಡನೆಯದು, ಗೋಡೆ ಕಿಟಕಿಗಳ ಮೇಲೆ ಕುಪ್ಪಳಿಸುವ ಗಿಡ್ಡ ಜೇಡ. ಇದು ಬಲೆ ಕಟ್ಟುವುದಿಲ್ಲ. ಬೆಕ್ಕಿನಂತೆ ಹೊಂಚು ಹಾಕಿ ನೊಣ, ಸೊಳ್ಳೆಗಳ ಮೇಲೆ ಹಾರುತ್ತದೆ. ನೀವು ಹತ್ತಿರ ಹೋದರೆ ತಿರುಗಿ ನಿಂತು ನಿಮ್ಮನ್ನೇ ನೋಡುತ್ತದೆ. ಮೂರನೆಯದು, ಮರದ ತೊಗಟೆಯ ಮೇಲೂ ಗೋಡೆಯ ಮೇಲೂ ಚಪ್ಪಟೆಯಾಗಿ ಅಂಟಿಕೊಂಡಿರುವ, ಹಿಂದೆ ಎರಡು ಬಾಲಗಳಿರುವಂತೆ ತೋರುವ ಜೇಡ. ಸಿಕ್ಕ ಹುಳುವಿನ ಸುತ್ತ ಗಿರಗಿರನೆ ತಿರುಗಿ ಎಳೆ ಸುತ್ತಿಬಿಡುತ್ತದೆ.

ನಾಲ್ಕನೆಯದನ್ನು ಕಂಡು ಮಕ್ಕಳು ಕಿರುಚುತ್ತಾರೆ. ಕಾಲು ಚಾಚಿದರೆ ಅಂಗೈಯಗಲವಾಗುವ ಕಂದು ಬಣ್ಣದ ದೊಡ್ಡ ಜೇಡ ಇದು. ರಾತ್ರಿ ಅಡಿಗೆಮನೆ, ಬಚ್ಚಲುಮನೆಗಳಲ್ಲಿ ಓಡಾಡುತ್ತದೆ. ಹೊಟ್ಟೆಯ ಕೆಳಗೆ ಬಿಳಿಯ ಬಿಲ್ಲೆಯಂತಹ ಮೊಟ್ಟೆಚೀಲವನ್ನು ಹೊತ್ತುಕೊಂಡದ್ದನ್ನು ತಾವು ನೋಡಿರಬಹುದು. ಜಿರಲೆಗಳಿಗೆ ಇದು ಯಮ. ಕೈಯಲ್ಲಿ ಅದುಮಿ ಹಿಡಿದರೆ ಕಚ್ಚೀತು, ನೋವಾದೀತು, ಪ್ರಾಣಾಪಾಯವಿಲ್ಲ. ಅದನ್ನು ಅದರಷ್ಟಕ್ಕೆ ಬಿಟ್ಟರೆ ನಮ್ಮನ್ನು ಕಂಡು ಓಡಿಹೋಗುವುದೇ ಅದರ ಸ್ವಭಾವ.

ಜೇಡಗಳಿಗೆಲ್ಲ ಹೆಚ್ಚುಕಡಿಮೆ ವಿಷವಿರುವುದು ನಿಜ. ಆದರೆ ಆ ವಿಷ ಸೊಳ್ಳೆಯ ಅಳತೆಯದು. ಹೆಚ್ಚಿನವುಗಳ ಕೊಂಡಿ ನಮ್ಮ ಚರ್ಮದೊಳಗೆ ಇಳಿಯುವಷ್ಟು ಬಲವಾಗಿರುವುದಿಲ್ಲ.

ಬೊಬ್ಬೆಯ ಅಪವಾದ

“ಅಲ್ಲ ಸರ್, ಜ್ಯಾಡ ಮೈಮ್ಯಾಲೆ ಉಚ್ಚಿ ಹೊಯ್ದರ ಬೊಬ್ಬಿ ಏಳತಾವಲ್ಲ?” ಎಂದು ಗ್ರಾಮಸಭೆಗಳಲ್ಲಿ ಕೇಳುವವರಿದ್ದಾರೆ. ಈ ಮಾತನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಮಾಡದ ತಪ್ಪಿಗೆ ಜೇಡ ಸಾಯುವುದಲ್ಲದೆ ಮನುಷ್ಯನಿಗೂ ಸರಿಯಾದ ಚಿಕಿತ್ಸೆ ತಪ್ಪಿಹೋಗುತ್ತದೆ.

ಇಂತಹ ಬೊಬ್ಬೆಗಳಿಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದನೆಯದು, ಭತ್ತದ ಸೀಮೆಯಲ್ಲಿ ಹೆಚ್ಚಾಗಿರುವ ಒಂದು ಸಣ್ಣ ದುಂಬಿ. ದೊಡ್ಡ ಇರುವೆಯಂತೆ ಉದ್ದವಾಗಿದ್ದು ಮೈಮೇಲೆ ಕೆಂಪು ಕಪ್ಪು ಪಟ್ಟಿಗಳಿರುತ್ತವೆ. ಗದ್ದೆಯಲ್ಲಿ ಇದೂ ಜಿಗಿಹುಳುಗಳನ್ನು ತಿನ್ನುವ ರೈತಮಿತ್ರನೇ. ಮಳೆಗಾಲದ ರಾತ್ರಿ ದೀಪಕ್ಕೆ ಆಕರ್ಷಿತವಾಗಿ ಮನೆಯೊಳಗೆ ಬಂದು ಹಾಸಿಗೆಯ ಮೇಲೆ, ಕುತ್ತಿಗೆಯ ಮೇಲೆ ಬೀಳುತ್ತದೆ. ಅದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಆದರೆ ನಿದ್ದೆಗಣ್ಣಿನಲ್ಲಿ ಅದನ್ನು ಚರ್ಮದ ಮೇಲೆ ಉಜ್ಜಿ ಕೊಂದರೆ ಅದರ ದೇಹದ ರಸ ತಗಲಿ, ಒಂದೆರಡು ದಿನಗಳಲ್ಲಿ ಗೆರೆ ಎಳೆದಂತೆ ಕೆಂಪಾಗಿ, ಉರಿದು, ಬೊಬ್ಬೆಗಳೇಳುತ್ತವೆ. ಬೆಳಿಗ್ಗೆ ಎದ್ದು ಗೋಡೆ ನೋಡಿದರೆ ಅಲ್ಲಿ ಕಾಣುವುದು ಜೇಡ. ತಪ್ಪು ಅದರ ತಲೆಗೆ! ಇಂತಹ ದುಂಬಿ ಮೈಮೇಲೆ ಬಿದ್ದರೆ ಹೊಸಕದೆ ಊದಿ ಹಾರಿಸಿರಿ. ರಸ ತಗುಲಿದ ಜಾಗವನ್ನು ಕೂಡಲೇ ಸೋಪು ನೀರಿನಿಂದ ತೊಳೆಯಿರಿ.

ಎರಡನೆಯದು ಸರ್ಪಸುತ್ತು. ಸೊಂಟದ ಅಥವಾ ಎದೆಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ನೀರುಗುಳ್ಳೆಗಳೆದ್ದು ವಿಪರೀತ ನೋಯುತ್ತದೆ. ಇದಕ್ಕೆ ಸರ್ಪವೂ ಕಾರಣವಲ್ಲ, ಜೇಡವೂ ಕಾರಣವಲ್ಲ. ಹಿಂದೆ ಯಾವಾಗಲೋ ಸೀತಾಳೆ ಸಿಡುಬು ಆದಾಗ ದೇಹದ ನರಗಳಲ್ಲಿ ಅಡಗಿ ಕುಳಿತ ವೈರಾಣುವೇ ವಯಸ್ಸಾದಾಗ ಅಥವಾ ಶಕ್ತಿ ಕುಂದಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಗುಳ್ಳೆಯೆದ್ದ ಮೂರು ದಿನಗಳೊಳಗೆ ವೈದ್ಯರಲ್ಲಿಗೆ ಹೋದರೆ ಮಾತ್ರೆಯ ಗುಣ ಚೆನ್ನಾಗಿರುತ್ತದೆ. ಕೆಮ್ಮಣ್ಣು ಬಳಿದು, ಮಂತ್ರ ಹಾಕಿಸಿ ದಿನ ಕಳೆದರೆ ತಿಂಗಳುಗಟ್ಟಲೆ ನರದ ನೋವು ಉಳಿಯಬಹುದು. ಕಣ್ಣಿನ ಸುತ್ತ ಎದ್ದರಂತೂ ಒಂದು ದಿನವೂ ತಡಮಾಡಬಾರದು.

ಇನ್ನೊಂದು ಎಚ್ಚರಿಕೆ. ಕೆಲವರು ಗೋಡೆಯ ಮೇಲಿನ ಜೇಡದ ಬಿಳಿ ಪೊರೆಯನ್ನು ಕಿತ್ತು ಗಾಯಕ್ಕೆ ಅಂಟಿಸುತ್ತಾರೆ. ಅದರಲ್ಲಿ ಧೂಳು, ರೋಗಾಣು ಎರಡೂ ಇರುತ್ತವೆ. ಗಾಯವನ್ನು ಸೋಪು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿರಿ.

ಗದ್ದೆಯ ಕಾವಲುಗಾರರು

ಈಗ ಮನೆಯಿಂದ ಗದ್ದೆಗೆ ಬರೋಣ. 1953ರಲ್ಲಿ ತುಂಗಭದ್ರಾ ನೀರು ಹರಿದ ಮೇಲೆ, ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯ ಕೆಳಗೆ ಜೋಳ ಬೆಳೆಯುತ್ತಿದ್ದ ಎರೆಭೂಮಿಯೆಲ್ಲ ಭತ್ತದ ಗದ್ದೆಯಾಯಿತು. ಗಂಗಾವತಿ ಭತ್ತದ ಕಣಜವೆನಿಸಿತು. ಭತ್ತದ ಹಿಂದೆಯೇ ಬಂದ ದೊಡ್ಡ ಪೀಡೆ ಕಂದು ಜಿಗಿಹುಳು. ನೀರಿನ ಮಟ್ಟದ ಮೇಲೆ ಪೈರಿನ ಬುಡದಲ್ಲಿ ಗುಂಪಾಗಿ ಕುಳಿತು ರಸ ಹೀರುತ್ತದೆ. ಮೇಲಿನಿಂದ ನೋಡಿದವರಿಗೆ ಹಸಿರೇ ಕಾಣುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಗದ್ದೆಯ ನಡುವೆ ದುಂಡಗೆ ಸುಟ್ಟಂತೆ ಪೈರು ಒಣಗುತ್ತದೆ. ಕೇರಳದ ಕುಟ್ಟನಾಡಿನಲ್ಲಿ 1973-74ರಲ್ಲಿ ಈ ಹುಳು ಸಾವಿರಾರು ಎಕರೆ ಭತ್ತವನ್ನು ಹಾಳುಮಾಡಿತು.

ಈ ಹುಳು ಕುಳಿತುಕೊಳ್ಳುವ ಬುಡದಲ್ಲಿಯೇ ಅದರ ಶತ್ರುವೂ ಇರುತ್ತದೆ. ಅದಕ್ಕೆ ತೋಳ ಜೇಡವೆಂದು ಹೆಸರು. ಬಲೆ ಕಟ್ಟದೆ ಬುಡದಿಂದ ಬುಡಕ್ಕೆ ನೀರಿನ ಮೇಲೆಯೇ ಓಡುತ್ತ ಬೇಟೆಯಾಡುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1987ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಒಂದು ತೋಳ ಜೇಡ ದಿನಕ್ಕೆ 5ರಿಂದ 15 ಹುಳುಗಳನ್ನು ತಿನ್ನುತ್ತದೆ. ಹೆಣ್ಣು ಮೂರು ನಾಲ್ಕು ತಿಂಗಳು ಬದುಕಿ 200ರಿಂದ 400 ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಚೀಲವನ್ನು ಹಿಂದೆ ಕಟ್ಟಿಕೊಂಡು ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ಅವನ್ನೆಲ್ಲ ಬೆನ್ನ ಮೇಲೆ ಹೊರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಎಕರೆಯೆಂದರೆ ಸುಮಾರು 4,000 ಚದರ ಮೀಟರ್. ಚದರ ಮೀಟರಿಗೆ ಒಂದೇ ಒಂದು ತೋಳ ಜೇಡವಿದೆ ಎಂದು ತಿಳಿಯಿರಿ. ಒಂದೊಂದು ದಿನಕ್ಕೆ ಐದೇ ಹುಳು ತಿಂದರೂ ಎಕರೆಗೆ 20,000 ಹುಳುಗಳಾದವು. ಈ ಕೂಲಿಗೆ ನೀವು ಕೊಟ್ಟ ಹಣವೆಷ್ಟು?

ಇದಲ್ಲದೆ, ಎಲೆಯುದ್ದಕ್ಕೂ ಕಾಲು ಚಾಚಿ ಮಲಗುವ ಉದ್ದ ದವಡೆಯ ಜೇಡ ಗರಿಗಳ ನಡುವೆ ಬಲೆ ಕಟ್ಟಿ ಹಸಿರು ಜಿಗಿಹುಳುಗಳನ್ನು ಹಿಡಿಯುತ್ತದೆ. ಕಾಲುಗಳ ತುಂಬ ಮುಳ್ಳುಗಳಿರುವ ಇನ್ನೊಂದು ಜೇಡ ದಿನಕ್ಕೆ ಎರಡು ಮೂರು ಪತಂಗಗಳನ್ನು ಕೊಲ್ಲುತ್ತದೆ. ಒಂದು ಹೆಣ್ಣು ಪತಂಗ ಸತ್ತರೆ ಅದು ಇಡಲಿದ್ದ ಮೊಟ್ಟೆಗಳೂ ಅವುಗಳಿಂದ ಬರಲಿದ್ದ ಕಾಂಡಕೊರಕಗಳೂ ಇಲ್ಲದಂತಾದವು.

ಔಷಧ ಹೊಡೆದಷ್ಟೂ ಹುಳು ಹೆಚ್ಚುವುದೇಕೆ?

“ಮೂರು ಸಲ ಹೊಡೆದರೂ ಜಿಗಿಹುಳು ಮತ್ತೆ ಬಂತು” ಎಂಬ ಗೋಳು ಪ್ರತಿ ವರ್ಷ ಕೇಳಿಬರುತ್ತದೆ. ಇದರ ಗುಟ್ಟು ಹೀಗಿದೆ. ಜಿಗಿಹುಳು ತನ್ನ ಮೊಟ್ಟೆಗಳನ್ನು ಗರಿಯ ಬುಡದ ಕವಚದೊಳಗೆ ಸೀಳಿ ಇಡುತ್ತದೆ. ಮೇಲಿನಿಂದ ಸಿಂಪಡಿಸಿದ ಔಷಧ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಹೊರಗೆ ಓಡಾಡುವ ಜೇಡ ಮಾತ್ರ ಸಾಯುತ್ತದೆ. ಏಳೆಂಟು ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಗಳಿಗೆ ತಿನ್ನಲು ಹಸಿರು ಪೈರಿದೆ. ತಮ್ಮನ್ನು ತಿನ್ನುವವರು ಯಾರೂ ಇಲ್ಲ. ಜಿಗಿಹುಳು ತಿಂಗಳಿಗೊಂದು ತಲೆಮಾರಾಗಿ ಬೆಳೆಯುತ್ತದೆ. ಜೇಡಕ್ಕೆ ಅಷ್ಟು ಬೇಗ ಸಂಖ್ಯೆ ಹೆಚ್ಚಿಸಿಕೊಳ್ಳುವುದು ಸಾಧ್ಯವಿಲ್ಲ. ವಿಶೇಷವಾಗಿ ಪೈರಿಥ್ರಾಯ್ಡ್ ಗುಂಪಿನ ಔಷಧಗಳನ್ನು ಭತ್ತಕ್ಕೆ ಹೊಡೆದಾಗ ಜಿಗಿಹುಳು ಹೀಗೆ ತಿರುಗಿ ಏಳುವುದು ಚೆನ್ನಾಗಿ ಗೊತ್ತಾಗಿರುವ ಸಂಗತಿ. ಅತಿಯಾದ ಯೂರಿಯಾ ಇದಕ್ಕೆ ಇನ್ನಷ್ಟು ಪುಷ್ಟಿ ಕೊಡುತ್ತದೆ.

ಇಂಡೋನೇಷ್ಯಾ ದೇಶ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯಿತು. ಸರ್ಕಾರವೇ ಸಹಾಯಧನ ಕೊಟ್ಟು ಔಷಧ ಹಂಚಿತು. ಜಿಗಿಹುಳು ಲಕ್ಷಾಂತರ ಎಕರೆ ಭತ್ತವನ್ನು ನುಂಗಿತು. ಕೊನೆಗೆ 1986ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೋ ಅವರ ಆಜ್ಞೆಯಂತೆ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ತಡೆಯಲಾಯಿತು. ಗದ್ದೆಯ ಜೇಡ ಮತ್ತಿತರ ಮಿತ್ರಜೀವಿಗಳನ್ನು ಗುರುತಿಸಲು ರೈತರಿಗೆ ತರಬೇತಿ ಕೊಡಲಾಯಿತು. ಔಷಧದ ಬಳಕೆ ಇಳಿಯಿತು. ಭತ್ತದ ಇಳುವರಿ ಇಳಿಯಲಿಲ್ಲ.

ಜೇಡವನ್ನು ಲೆಕ್ಕಕ್ಕೆ ಹಿಡಿಯುವುದು ಭಾವುಕತೆಯಲ್ಲ, ಶಾಸ್ತ್ರವೇ. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸಿನಲ್ಲಿ, ಜೇಡವಿಲ್ಲದ ಗದ್ದೆಯಲ್ಲಿ ತೆಂಡೆಗೆ ಒಂದು ಜಿಗಿಹುಳು ಕಂಡರೆ ಹತೋಟಿ ಕ್ರಮ ಬೇಕು; ಬುಡಕ್ಕೊಂದು ಜೇಡವಿದ್ದರೆ ತೆಂಡೆಗೆ ಎರಡು ಹುಳುವಾಗುವವರೆಗೆ ಕಾಯಬಹುದು. ಅಂದರೆ ಒಂದು ಜೇಡ ನಿಮ್ಮ ಸಹನೆಯ ಮಿತಿಯನ್ನು ಇಮ್ಮಡಿ ಮಾಡುತ್ತದೆ.

ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ

ನೀರಾವರಿಯಿಲ್ಲದ ಸೀಮೆಯವರು ಇದು ನಮಗೆ ಸಂಬಂಧವಿಲ್ಲವೆಂದು ಪುಟ ತಿರುವಬಾರದು. ತೊಗರಿ, ಹೆಸರು, ಸಜ್ಜೆ, ಕಡಲೆ, ಸೂರ್ಯಕಾಂತಿ ಹೊಲಗಳಲ್ಲಿಯೂ ಜೇಡಗಳಿವೆ. ಹೂವಿನ ಬಣ್ಣದಲ್ಲಿಯೇ ಬೆರೆತು ಏಡಿಯಂತೆ ಪಕ್ಕಕ್ಕೆ ಸರಿಯುವ ಜೇಡವೊಂದಿದೆ. ಮುಳ್ಳುಬೇಲಿ, ಜಾಲಿಗಿಡಗಳಲ್ಲಿ ಕೊಳೆ ಬಟ್ಟೆ ಸಿಕ್ಕಿಕೊಂಡಂತೆ ಕಾಣುವ ಗೂಡುಗಳು ಒಗ್ಗಟ್ಟಿನಿಂದ ಬಾಳುವ ಜೇಡಗಳವು. ಹತ್ತಾರು ಕೂಡಿ ಒಂದೇ ಮಿಡತೆಯನ್ನು ಹಿಡಿದು ಹಂಚಿ ತಿನ್ನುತ್ತವೆ.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. ಬದನೆ, ಬೆಂಡೆಗಳ ಎಲೆಯಡಿ ನವಿರಾದ ಬಲೆ ನೇಯ್ದು ರಸ ಹೀರುವ ‘ಕೆಂಪು ಜೇಡ ನುಸಿ’ ಜೇಡವಲ್ಲ. ಅದು ಕಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣ ನುಸಿ, ನಿಜವಾದ ಪೀಡೆ. ಅದರ ಹೆಸರು ಕೇಳಿ ತೋಟದ ಜೇಡಗಳನ್ನೆಲ್ಲ ಕೊಂದರೆ ಕಳ್ಳನ ಹೆಸರಿನವನೆಂದು ತಳವಾರನನ್ನೇ ಹೊಡೆದಂತೆ.

ಜೇಡ ಮಾಡಲಾರದ್ದು

ಜೇಡವನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಬೇಕು. ಜೇಡಕ್ಕೆ ಶತ್ರು ಮಿತ್ರರ ಭೇದ ತಿಳಿಯದು. ಹೂವಿಗೆ ಬಂದ ಜೇನುನೊಣವನ್ನೂ ಹಿಡಿದೀತು. ಹಸಿದರೆ ಮತ್ತೊಂದು ಜೇಡವನ್ನೇ ತಿಂದೀತು. ಆಗಲೇ ಸುಟ್ಟಂತಾದ ಗದ್ದೆಯನ್ನು ಅದು ಉಳಿಸಲಾರದು. ಮನೆಯಲ್ಲಿ ನಿಂತ ನೀರನ್ನು ಬಿಟ್ಟು ಜೇಡವೇ ಸೊಳ್ಳೆ ಹಿಡಿಯಲಿ ಎಂದು ಕುಳಿತರೆ ಡೆಂಗಿ ತಪ್ಪುವುದಿಲ್ಲ.

ಹಾಗೆಯೇ ಜೇಡದ ನೆಂಟನಾದ ಚೇಳಿನ ವಿಷಯದಲ್ಲಿ ಸಡಿಲ ಬಿಡಬಾರದು. ನಮ್ಮ ಒಣಸೀಮೆಯ ಕಲ್ಲುಗೋಡೆ, ಸೌದೆರಾಶಿಗಳಲ್ಲಿರುವ ಕೆಂಪು ಚೇಳು ಮಕ್ಕಳ ಜೀವಕ್ಕೆ ಅಪಾಯಕಾರಿ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಮಾತ್ರೆಯಿಂದ ಇದರ ಸಾವುಗಳನ್ನು ಬಹಳ ಮಟ್ಟಿಗೆ ತಡೆಯಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. ಆದುದರಿಂದ ಚೇಳು ಕುಟುಕಿದ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹೀಗೆ ಮಾಡಿರಿ

1. ಮನೆಯ ಬಲೆಯನ್ನು ಧಾರಾಳವಾಗಿ ಹೊಡೆಯಿರಿ; ಜೇಡವನ್ನು ಹೊಸಕಬೇಡಿರಿ. ಹಳೆಯ ಬಲೆ ಬರೀ ಧೂಳು. ಜೀವಂತ ಜೇಡ ಬೇಕಾದರೆ ಬೇರೆ ನೇಯ್ದುಕೊಳ್ಳುತ್ತದೆ.

2. ದೊಡ್ಡ ಜೇಡ ಬೇಡವೆನಿಸಿದರೆ ಅದರ ಮೇಲೆ ಲೋಟ ಬೋರಲು ಹಾಕಿ, ಕೆಳಗೆ ದಪ್ಪ ಕಾಗದ ತೂರಿಸಿ, ಹಿತ್ತಲಲ್ಲಿಯೋ ದನದ ಕೊಟ್ಟಿಗೆಯಲ್ಲಿಯೋ ಬಿಡಿರಿ. ಮಕ್ಕಳಿಂದಲೇ ಮಾಡಿಸಿದರೆ ಅವರ ಹೆದರಿಕೆಯೂ ಹೋಗುತ್ತದೆ.

3. ಹೊಲಕ್ಕೆಂದು ತಂದ ಔಷಧವನ್ನು ಜೇಡ, ಜಿರಲೆ, ತಿಗಣೆಗಳಿಗೆಂದು ಮನೆಯೊಳಗೆ ಎಂದಿಗೂ ಸಿಂಪಡಿಸಬೇಡಿರಿ. ಇಲಿಗಂಜಿ ಮನೆ ಸುಟ್ಟಂತಾದೀತು. ಅದೇ ಕೋಣೆಯಲ್ಲಿ ಮಗು ಮಲಗುತ್ತದೆ, ಹಿಟ್ಟಿನ ಡಬ್ಬಿಯಿರುತ್ತದೆ. ಡೈಕ್ಲೋರ್ವಾಸ್ ಮತ್ತು ಫೋರೇಟ್ ಔಷಧಗಳನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಬಾಟಲಿ, ಚೀಲ ಅಟ್ಟದ ಮೇಲೆ ಉಳಿದಿದ್ದರೆ ಬಳಸಬೇಡಿರಿ. ಅವುಗಳ ವಿಲೇವಾರಿಯ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

4. ನಾಟಿ ಮಾಡುವಾಗ ಪ್ರತಿ 8-10 ಸಾಲಿಗೊಮ್ಮೆ ಒಂದು ಅಡಿ ಜಾಗ ಬಿಡಿರಿ. ಗಾಳಿ ಬೆಳಕು ಆಡಿದರೆ ಜಿಗಿಹುಳು ಬೆಳೆಯುವುದು ಕಡಿಮೆ. ಬುಡ ನೋಡುವುದೂ ಸುಲಭ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡಿರಿ.

5. ಪಂಪು ಹೊರುವ ಮೊದಲು ಗದ್ದೆಯ ಐದಾರು ಕಡೆ ಬುಡ ಬಾಗಿಸಿ ನೋಡಿರಿ. ಹುಳು ಎಷ್ಟು, ಜೇಡ ಎಷ್ಟು ಎಂದು ಎರಡನ್ನೂ ಎಣಿಸಿರಿ. ಪಕ್ಕದ ಗದ್ದೆಯವರು ಹೊಡೆದರೆಂದು ತಾವೂ ಹೊಡೆಯಬೇಡಿರಿ.

6. ಹುಳು ಹೆಚ್ಚಿದ್ದರೆ ಮೊದಲು ನೀರು ಬಸಿದು ಮೂರು ನಾಲ್ಕು ದಿನ ಗದ್ದೆ ಆರಲು ಬಿಡಿರಿ. ಔಷಧ ಅನಿವಾರ್ಯವಾದರೆ ತಜ್ಞರು ಜಿಗಿಹುಳುವಿಗೆಂದೇ ಹೇಳಿದ ಔಷಧವನ್ನು ಬುಡಕ್ಕೆ ಮುಟ್ಟುವಂತೆ ಹೊಡೆಯಿರಿ. ಪೈರಿಥ್ರಾಯ್ಡ್ ಬೇಡ.

7. ಕೊಯ್ಲಿನ ನಂತರ ಕೂಳೆಗೂ ಬದುವಿಗೂ ಬೆಂಕಿ ಇಡಬೇಡಿರಿ. ಮುಂದಿನ ಬೆಳೆಯವರೆಗೆ ಜೇಡಗಳು ಅಡಗಿರುವುದು ಅಲ್ಲಿಯೇ. ಬದುವಿನ ಮೇಲೆ ಅಲಸಂದೆ, ಉದ್ದು ಹಾಕಿರಿ. ಚೀನಾದ ರೈತರು ಮಾಡುವಂತೆ ಒಂದೆರಡು ಹುಲ್ಲಿನ ಸಿವುಡುಗಳನ್ನು ಬದುವಿನ ಮೇಲಿಟ್ಟರೆ ಜೇಡಗಳಿಗೆ ಅದೇ ಮನೆ.

ಒಂದು ರಾತ್ರಿ ಬೂಟು ಹಾಕಿಕೊಂಡು, ಹಾವಿನ ಎಚ್ಚರವಿಟ್ಟು, ಗದ್ದೆಯ ಬದುವಿನ ಮೇಲೆ ಹೋಗಿ ನಿಲ್ಲಿರಿ. ಬ್ಯಾಟರಿಯನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಪೈರಿನ ಬುಡಕ್ಕೆ ಬೆಳಕು ಬಿಡಿರಿ. ಇಬ್ಬನಿಯ ಹನಿಗಳಂತೆ ಹಸಿರಾಗಿ ಮಿನುಗುವುದು ತೋಳ ಜೇಡಗಳ ಕಣ್ಣುಗಳು. ನೀವು ಮಲಗಿದ ಮೇಲೆ ನಿಮ್ಮ ಹೊಲ ಕಾಯುವವರು ಎಷ್ಟು ಮಂದಿಯಿದ್ದಾರೆಂದು ಆಗ ತಿಳಿಯುತ್ತದೆ. ಒಂದೂ ಮಿನುಗದಿದ್ದರೆ ಅದೂ ಒಂದು ಸಮಾಚಾರವೇ.

ಸೀಗಿ ಹುಣ್ಣಿಮೆಗೆ, ಎಳ್ಳಮಾಸಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಹೊಲದ ತುಂಬ ಚರಗ ಚೆಲ್ಲಿ ಬರುತ್ತೇವೆ. ಹೊಲದಲ್ಲಿರುವ ಎಲ್ಲ ಜೀವಗಳಿಗೂ ಒಂದು ಪಾಲು ಎಂಬುದು ಹಿರಿಯರ ಎಣಿಕೆ. ಜೇಡ ಆ ಪಾಲನ್ನೂ ಕೇಳುವುದಿಲ್ಲ; ನಮ್ಮ ಅನ್ನಕ್ಕೆ ಬಾಯಿ ಹಾಕಿದ ಹುಳುವನ್ನು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅಂಥದನ್ನು ಮನೆಯಲ್ಲಾಗಲಿ ಹೊಲದಲ್ಲಾಗಲಿ ಸುಮ್ಮನೆ ಕೊಲ್ಲುವುದು ಸರಿಯಲ್ಲ. ಈ ಪಂಚಮಿಗೆ ಬಲೆ ಹೊಡೆಯುವಾಗ, ಕೆಳಗೆ ಬಿದ್ದದ್ದನ್ನು ಹೊಸ್ತಿಲಾಚೆ ದಾಟಿಸಿ ಬಿಡಿರಿ.